ಆಚೆಮನೆ ಅಕ್ಕ ಜೋಡಿಸಿದ ಹನ್ನೆರಡು ಕಾಲು

ಕಳೆದ ವಾರ ಶಿರ್ತಾಡಿಯಿಂದ ಮೂಡುಬಿದಿರೆಗೆ ಹೊರಟ ಬಸ್ಸಿನಲ್ಲಿ ಒಬ್ಬ ಹೆಂಗಸು ನನ್ನ ಪಕ್ಕ ಬಂದು ಕೂತರು. ಮಡಿಲಲ್ಲಿ ಯಾವುದೋ ಜವಳಿ ಅಂಗಡಿಯ ಚೀಲ. ಬಸ್ಸು ತಿರುವಿನಲ್ಲಿ ವಾಲಿದಾಗ ಚೀಲದ ಬಾಯಿ ತೆರೆದು ವಾಸನೆ ಬಂತು. ನೆನೆಸಿದ ಬೀಡಿ ಎಲೆಯ ವಾಸನೆ. ಒದ್ದೆ ಗೋಣಿ, ಹಳೆಯ ಚಹಾಪುಡಿ, ಅದರ ಹಿಂದೆ ಸಣ್ಣಗೆ ಹೊಗೆಸೊಪ್ಪು... ಹೊಗೆಸೊಪ್ಪು ಎಂದರೆ ನನಗೆ ಸೀನು. ಆ ದಿನವೂ ಎರಡು ಸಲ ಸೀನಿದೆ. ಅವರು ಪಾಪ, ಚೀಲವನ್ನು ಆಚೆ ಸರಿಸಿಕೊಂಡರು. "ಬೇಡ, ಅಲ್ಲೇ ಇರಲಿ" ಎಂದೆ. ಅವರಿಗೆ ನನ್ನನ್ನು ಕಂಡು ಸ್ವಲ್ಪ ವಿಚಿತ್ರ ಅನ್ನಿಸಿರಬೇಕು.

ನನಗೆ ನಾರಾವಿಯ ಆಚೆಮನೆ ಅಕ್ಕ ನೆನಪಾಗಿದ್ದರು.

ನನ್ನ ಮೊದಲ ನೌಕರಿ ಬೆಳ್ತಂಗಡಿ ತಾಲೂಕಿನ ಆ ಊರಿನಲ್ಲಿ. ಬಂಟ್ವಾಳದ ಪೇಟೆಯಲ್ಲಿ ಬೆಳೆದವಳು ನಾನು. ಗಣಿತ, ವಿಜ್ಞಾನದ ಟೀಚರು, ಹೊಸ ಬಿ.ಎಡ್., ಲೋಕವನ್ನೇ ತಿದ್ದಲು ಹೊರಟವಳು. ನನಗೆ ಸಿಕ್ಕಿದ ಬಾಡಿಗೆ ಮನೆ ಒಂದು ಕಟ್ಟಡದ ಅರ್ಧ ಪಾಲು. ಇನ್ನರ್ಧದಲ್ಲಿ ಅಕ್ಕ ಮತ್ತು ಅವರ ಮಗಳು. ನಡುವೆ ಒಂದು ಗೋಡೆ, ಮುಂದೆ ಇಬ್ಬರಿಗೂ ಸೇರಿ ಒಂದೇ ಜಗಲಿ. ಮಗಳು ಬೆಳ್ತಂಗಡಿಯ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಇದ್ದಳು. ಬೆಳಗ್ಗೆ ಎಂಟರ ಬಸ್ಸಿಗೆ ಹೋದರೆ ಬರುವಾಗ ದೀಪ ಹಚ್ಚುವ ಹೊತ್ತು. ಅಕ್ಕನಿಗೆ ಆಗ ಐವತ್ತೈದರ ಆಸುಪಾಸು. ನನಗೆ ತುಳು ಚೆನ್ನಾಗಿ ಬರುತ್ತದೆ ಎಂದು ಗೊತ್ತಿದ್ದೂ ಅವರು ನನ್ನ ಹತ್ತಿರ ಕನ್ನಡವನ್ನೇ ಮಾತಾಡುತ್ತಿದ್ದರು. ಟೀಚರ ಜೊತೆ ತುಳು ಮಾತಾಡಿದರೆ ಮರ್ಯಾದೆ ಅಲ್ಲವಂತೆ. ನಾನು ತುಳುವಿನಲ್ಲಿ ಕೇಳುವುದು, ಅವರು ನಿಧಾನವಾಗಿ, ಪಾಠ ಒಪ್ಪಿಸುವವರ ಹಾಗೆ, ಕನ್ನಡದಲ್ಲಿ ಉತ್ತರಿಸುವುದು. ಇಬ್ಬರೂ ಹಟ ಬಿಡಲಿಲ್ಲ. ಕೊನೆಗೆ ಸೋತು ಕನ್ನಡಕ್ಕೆ ಬಂದವಳು ನಾನೇ.

ಅಕ್ಕ ಬೀಡಿ ಕಟ್ಟುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಮೊರದಂಥ ಗೆರಸೆ, ಕತ್ತರಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ ಎತ್ತಿಕೊಂಡು ರಸ್ತೆಯ ಕೆಳಗಿನ ಮನೆಯ ಜಗಲಿಗೆ ಇಳಿಯುತ್ತಿದ್ದರು. ಅಲ್ಲಿ ಐದು ಹೆಂಗಸರ ಕೂಟ. ಹಳೆಯ ಕೂಟ. ಕೈ ಬೀಡಿ ಸುತ್ತುತ್ತಿದ್ದರೆ ಬಾಯಿ ಊರನ್ನು ಸುತ್ತುತ್ತಿತ್ತು. ಅವರಲ್ಲಿ ಹಿರಿಯರು ಆ ಮನೆಯ ದೊಡ್ಡಮ್ಮ. ಅಕ್ಕನ ಬೆರಳು ಓಡುವುದನ್ನು ನಾನು ರಜೆಯ ದಿನ ನೋಡುತ್ತಾ ಕೂತದ್ದುಂಟು. ಎಲೆಗೆ ಹೊಗೆಸೊಪ್ಪು ಸುರಿದದ್ದು ಕಾಣುತ್ತಿತ್ತು, ನೂಲು ಕಟ್ಟಿದ್ದು ಕಾಣುತ್ತಿತ್ತು, ನಡುವೆ ಸುತ್ತಿದ್ದು ಮಾತ್ರ ಯಾವಾಗ ಎಂದು ಗೊತ್ತಾಗುತ್ತಿರಲಿಲ್ಲ.

ನಾನು ಹೋಗಿ ಒಂದು ವರ್ಷವಾಗಿತ್ತು. ಒಂದು ಬೆಳಗ್ಗೆ ಅಕ್ಕನ ಕೈಯಿಂದ ಚಹಾದ ಲೋಟ ಜಾರಿತು, ಮಾತು ತೊದಲಿತು. ಸ್ಟ್ರೋಕ್. ಮಂಗಳೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು ಬಂದರು. ಮಾತು ಸರಿಯಾಯಿತು, ಕಾಲು ಮುಕ್ಕಾಲು ಪಾಲು ಸರಿಯಾಯಿತು. ಬಲಗೈ ಬರಲಿಲ್ಲ. ಕೈ ಏಳುತ್ತಿತ್ತು, ಮುಷ್ಟಿಯೂ ಕಟ್ಟುತ್ತಿತ್ತು. ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಒಂದನ್ನೊಂದು ಮರೆತವರ ಹಾಗೆ ಇದ್ದವು. ಬೀಡಿ ಕಟ್ಟುವವರಿಗೆ ಆ ಎರಡು ಬೆರಳೇ ಎಲ್ಲ.

ಕೆಳಗಿನ ಮನೆಯವರು ಬಂದು ಕರೆದರು. ದೊಡ್ಡಮ್ಮ, "ಕೆಲಸ ಬೇಡ, ಸುಮ್ಮನೆ ಬಂದು ಕೂತುಕೋ" ಎಂದರು. ಅಕ್ಕ ಹೋಗಲಿಲ್ಲ. "ನಾಲ್ಕು ಜನ ಕಟ್ಟುವಲ್ಲಿ ನಾನು ಕೈ ಕಟ್ಟಿ ಕೂತುಕೊಳ್ಳುವುದಾ ಟೀಚರೇ? ಕೈ ಬಂದ ಮೇಲೆಯೇ ಅಲ್ಲಿಗೆ ಹೋಗುವುದು" ಎಂದು ನನ್ನ ಹತ್ತಿರ ಹೇಳಿದರು. ಕೈ ಬಾರದಿದ್ದರೆ ಎಂದು ನಾನು ಕೇಳಲಿಲ್ಲ. ಮಧ್ಯಾಹ್ನಗಳನ್ನು ಅವರು ಬಾಗಿಲು ಹಾಕಿಕೊಂಡು ಕಳೆಯತೊಡಗಿದರು. ಕೆಳಗಿನ ಜಗಲಿಯ ನಗು ಗಾಳಿಗೆ ಮೇಲೆ ಬರುತ್ತಿತ್ತು. ಅದು ಅವರಿಗೆ ಎಷ್ಟು ಚುಚ್ಚುತ್ತಿತ್ತು ಎಂದು ಮಗಳು ನನಗೆ ಹೇಳಿ ಅತ್ತಿದ್ದಳು. ಆಸ್ಪತ್ರೆಯವರು ಒತ್ತಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಹೆಸರುಕಾಳು, ಅಕ್ಕಿ ಬೆರೆಸಿ ಹೆಕ್ಕಿ ಬೇರೆ ಮಾಡಲು ಹೇಳಿದ್ದರು. ಎರಡು ದಿನ ಮಾಡಿದರು. ಮೂರನೆಯ ದಿನ ಚೆಂಡು ಅಂಗಳದಲ್ಲಿತ್ತು. "ಬೆರೆಸುವುದು ನಾವೇ, ಹೆಕ್ಕುವುದೂ ನಾವೇ. ಇದೆಂತ ಮರುಳು" ಎಂದು ಬೈದರು.

ಆ ಸಮಯದಲ್ಲಿ ನಾನು ಶಾಲೆಗೆಂದು ಒಂದು ಕಿಟ್ ತರಿಸಿದ್ದೆ. ಗಾಳಿಗೆ ನಡೆಯುವ ಮಾದರಿ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ತಲೆಯ ಮೇಲೊಂದು ಗಾಳಿಚಕ್ರ, ಕೆಳಗೆ ಎರಡು ಸಾಲು ಕಾಲು. ಗಾಳಿ ಬೀಸಿದರೆ ಚಕ್ರ ತಿರುಗಿ, ನಡುವಿನ ಡೊಂಕು ಸರಳು ತಿರುಗಿ, ಕಾಲುಗಳು ಒಂದಾದ ಮೇಲೊಂದು ಎದ್ದು ಮುಂದೆ ಹೋಗಬೇಕು. ಬಿಡಿಭಾಗಗಳೆಲ್ಲ ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ಅಂಟಿಕೊಂಡಿದ್ದವು. ಒಂದೊಂದಾಗಿ ಮುರಿದು ತೆಗೆದು ಜೋಡಿಸಬೇಕು. ಜೊತೆಗೆ ಒಂದು ಕಾಗದ, ಅದರ ತುಂಬ ಚಿತ್ರ ಮತ್ತು ನಮಗೆ ಓದಲು ಬಾರದ ಯಾವುದೋ ದೇಶದ ಅಕ್ಷರ. ಒಂದು ಭಾನುವಾರ ಜಗಲಿಯಲ್ಲಿ ಕೂತು ಒಂದು ಕಾಲು ಜೋಡಿಸುವಷ್ಟರಲ್ಲಿ ಉತ್ತರಪತ್ರಿಕೆಗಳ ನೆನಪಾಗಿ ಬಿಟ್ಟೆದ್ದೆ.

ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇದೆಂತ ಟೀಚರೇ?"

"ಗಾಳಿಗೆ ನಡೆಯುವುದು ಅಕ್ಕ."

"ಕಾಲು ಎಷ್ಟುಂಟು?"

"ಹನ್ನೆರಡು."

"ನನಗೆ ಎರಡನ್ನು ನಡೆಸ್ಲಿಕ್ಕೇ ಕಷ್ಟ. ಇದಕ್ಕೆ ಹನ್ನೆರಡಾ?" ಎಂದು ಹತ್ತಿರ ಬಂದು ಕೂತರು. ನಾನು ಜೋಡಿಸಿದ್ದ ಕಾಲನ್ನು ಎಡಗೈಯಲ್ಲಿ ಎತ್ತಿ ಆಡಿಸಿದರು. ಅದು ಮಡಚಿತು, ಚಾಚಿತು. ಅವರು ಅದನ್ನು ಬಲಗೈಗೆ ಕೊಟ್ಟರು. ಬಿತ್ತು. ಹೆಕ್ಕಿದರು. ಮತ್ತೆ ಬಿತ್ತು. ಮೂರನೆಯ ಸಲ ಹಿಡಿದುಕೊಂಡೇ ಹೇಳಿದರು: "ಇದನ್ನು ನಾನು ಮಾಡ್ತೇನೆ. ಕುಂಟನಿಗೆ ಎಂಟು ಚೇಷ್ಟೆ ಅಂತ ನಗಾಡಬೇಡಿ. ಹನ್ನೆರಡು ಕಾಲು ಈ ಕೈಯಲ್ಲಿ ಆದ್ರೆ ಬೀಡಿಯೂ ಆಗ್ತದೆ."

ಹೀಗೆ ಪಣ ಕಟ್ಟಿದ್ದು ಅವರೇ. ಹನ್ನೆರಡು ಕಾಲು ಆದರೆ ಕೆಳಗಿನ ಜಗಲಿಗೆ ಹೋಗುವುದು. ಆಗದಿದ್ದರೆ ಗೆರಸೆಯನ್ನು ಅಟ್ಟಕ್ಕೆ ಹಾಕಿಬಿಡುವುದು. ಮಗಳಿಗೂ ಹಾಗೆಯೇ ಹೇಳಿದರಂತೆ. ನಾನು ಜೋಡಿಸಿದ್ದ ಕಾಲನ್ನು ಮಾದರಿಗೆ ಇಟ್ಟುಕೊಂಡು ಉಳಿದ ಚೌಕಟ್ಟುಗಳನ್ನೆಲ್ಲ ಒಳಗೆ ಒಯ್ದರು. ಕಾಗದ ತೆಗೆದುಕೊಳ್ಳಲಿಲ್ಲ. ನಾನೂ ಕೊಡಲಿಲ್ಲ.

ಮರುದಿನ ಶಾಲೆಯಿಂದ ಬಂದು ನೋಡಿದರೆ ಗೆರಸೆಯ ತುಂಬ ಪ್ಲಾಸ್ಟಿಕ್ಕಿನ ಗುಡ್ಡೆಗಳು. ಉದ್ದ ಕಡ್ಡಿಗಳದ್ದು ಒಂದು, ತ್ರಿಕೋನಗಳದ್ದು ಒಂದು, ಪಾದಗಳದ್ದು ಇನ್ನೊಂದು. ಒಂದು ಕಾಲು ಪೂರ್ತಿ ಮಾಡಿ ಆಮೇಲೆ ಇನ್ನೊಂದು ಎಂದು ನಾನು ಬುದ್ಧಿ ಹೇಳಹೋದೆ. "ಎಲೆಯೆಲ್ಲ ಕತ್ತರಿಸಿದ ಮೇಲೆ ಸುತ್ತುವುದು ಟೀಚರೇ. ಒಂದು ಎಲೆ ಕತ್ತರಿಸಿ ಒಂದು ಬೀಡಿ ಸುತ್ತುವವರನ್ನು ಎಲ್ಲಾದರೂ ನೋಡಿದ್ದೀರಾ?" ಎಂದರು.

ಮೊದಲ ಕಾಲಿಗೆ ಎರಡು ದಿನ ಹಿಡಿಯಿತು. ಕಡ್ಡಿಯ ಗುಬುಟನ್ನು ತೂತಿಗೆ ಒತ್ತಿದರೆ 'ಟಕ್' ಎಂದು ಕೂರಬೇಕು. ಸಂಜೆ ನಾನು ಗೋಡೆಯ ಈಚೆ ಪಾಠದ ಟಿಪ್ಪಣಿ ಬರೆಯುತ್ತಾ ಆ ಟಕ್‌ಗಾಗಿ ಕಾಯುತ್ತಿದ್ದೆ. ಏನೋ ಬೀಳುವ ಸದ್ದು, ಅಕ್ಕ ತುಳುವಿನಲ್ಲಿ ಬೈಯುವ ಸದ್ದು, ಮತ್ತೆ ಮೌನ... ಬಹಳ ಹೊತ್ತಿನ ಮೇಲೆ ಒಂದು ಟಕ್. ನನಗೆ ಅರಿವಿಲ್ಲದೆ ಪೆನ್ನು ನಿಲ್ಲಿಸಿ ಉಸಿರು ಬಿಡುತ್ತಿದ್ದೆ. ಎಡಗೈ ಬರೇ ಹಿಡಿದುಕೊಳ್ಳಲಿಕ್ಕೆ, ಒತ್ತುವುದೆಲ್ಲ ಬಲಗೈ ಎಂಬುದು ಅವರದ್ದೇ ಕಾನೂನು. ಎರಡನೆಯ ವಾರ ಟಕ್‌ಗಳು ಹತ್ತಿರವಾದವು. ಚಹಾದ ಲೋಟ ಬಲಗೈಗೆ ಬಂತು. ಮಗಳು ಬೆಳಗ್ಗೆ ಬಸ್ಸಿಗೆ ಓಡುವಾಗ "ಏಳಾಯ್ತು ಟೀಚರ್", "ಎಂಟಾಯ್ತು" ಎಂದು ವರದಿ ಒಪ್ಪಿಸಿ ಹೋಗುತ್ತಿದ್ದಳು.

ಮೂರು ವಾರ ತುಂಬುವ ಹೊತ್ತಿಗೆ ಒಂದು ಶುಕ್ರವಾರ ಸಂಜೆ ನನ್ನನ್ನು ಕರೆದರು. ಗೆರಸೆಯಲ್ಲಿ ಹನ್ನೆರಡು ಕಾಲು ಸಾಲಾಗಿ ಮಲಗಿದ್ದವು. ನಾನು ಕೊಟ್ಟ ಮಾದರಿ ಕಾಲನ್ನೂ ಬಿಚ್ಚಿ ತಾವೇ ಮತ್ತೆ ಜೋಡಿಸಿದ್ದರು. ಬೇರೆಯವರದ್ದು ಯಾಕೆ ಎಂದು.

"ನೋಡಿ. ಒಂದರ ಹಾಗೆ ಒಂದು. ಚೆಕ್ಕರ್ ಬಂದ್ರೂ ಒಂದನ್ನು ಬಿಸಾಡ್ಲಿಕ್ಕೆ ಆಗ್ಲಿಕ್ಕಿಲ್ಲ" ಎಂದರು. ಕಂಪನಿಯವರು ಬೀಡಿ ಕೊಳ್ಳುವ ಬ್ರಾಂಚಿನಲ್ಲಿ ಇಪ್ಪತ್ತೈದರ ಕಟ್ಟುಗಳನ್ನು ಒತ್ತಿ ನೋಡಿ, ಉಳಿದವುಗಳ ಹಾಗೆ ಇಲ್ಲದ್ದನ್ನು ಎಸೆಯುವ ಮನುಷ್ಯನಿಗೆ ಚೆಕ್ಕರ್ ಎಂದು ಹೆಸರು. ಅಕ್ಕ ಮೂವತ್ತೈದು ವರ್ಷ ಅವನ ಕೈಗೆ ಬೀಡಿ ಕೊಟ್ಟವರು.

ನಿಜವಾಗಿ ಒಂದರ ಹಾಗೆ ಒಂದು ಇತ್ತು. ಕಾಲುಗಳು ಹಾಗೆ ಇರಬಾರದಿತ್ತು. ಆರು ಎಡಗಾಲು, ಆರು ಬಲಗಾಲು ಬೇಕು. ತುಂಡುಗಳು ಅವೇ, ಎಡಗಾಲಿಗೆ ಎಲ್ಲವನ್ನೂ ತಿರುವಿ, ಕನ್ನಡಿಯಲ್ಲಿ ಕಂಡ ಹಾಗೆ ಜೋಡಿಸಬೇಕು. ಕಾಗದದಲ್ಲಿ ಅದರದ್ದೇ ದೊಡ್ಡ ಚಿತ್ರ ಉಂಟು. ಕಾಗದ ನನ್ನ ಮೇಜಿನಲ್ಲಿತ್ತು. ಒಂದು ಬಲಗಾಲು ಮಾತ್ರ ಕೊಟ್ಟು, ಇದರ ಹಾಗೆ ಮಾಡಿ ಎಂದು ಬಿಟ್ಟವಳು ನಾನು, ವಿಜ್ಞಾನದ ಟೀಚರು! ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ನನ್ನಲ್ಲಿ ಆ ಒಕ್ಕಾಲು ಮಾತ್ರ ಇತ್ತು.

ಅವರ ಮುಖ ನೋಡಿ ನನಗೆ ಸತ್ಯ ಹೇಳಲು ಆಗಲಿಲ್ಲ. "ಬಹಳ ಚಂದ ಆಗಿದೆ ಅಕ್ಕ" ಎಂದೆ.

ಮರುದಿನ ಶನಿವಾರ. ಮಗಳು ರಜೆ ಹಾಕಿ ಅಕ್ಕನನ್ನು ಬೆಳ್ತಂಗಡಿಗೆ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋದಳು. ಗೆರಸೆ ಜಗಲಿಯಲ್ಲೇ ಇತ್ತು. ಮಧ್ಯಾಹ್ನ ಶಾಲೆ ಬಿಟ್ಟು ಬಂದವಳು ಊಟವನ್ನೂ ಮಾಡದೆ ಆರು ಕಾಲು ಬಿಚ್ಚಿ, ತಿರುವಿ ಜೋಡಿಸಿದೆ. ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ಅವರಿಗೆ ಒಂದೂವರೆ ವಾರ ಹಿಡಿದ ಕೆಲಸ. ಮೊದಲಿದ್ದ ಹಾಗೆಯೇ ಸಾಲಾಗಿ ಮಲಗಿಸಿದೆ. ದೊಡ್ಡ ಉಪಕಾರ ಮಾಡಿದೆ ಎಂದುಕೊಂಡೆ, ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಕ್ಕ ಬಂದವರು ಕಾಲು ತೊಳೆದು ಜಗಲಿಗೆ ಹತ್ತಿದರು. ಗೆರಸೆಯ ಮೇಲೆ ಬೆರಳಾಡಿಸಿದರು. ಆ ಬಲಗೈಯ ಹೆಬ್ಬೆರಳೇ. ಒಂದು, ಎರಡು, ಮೂರು ಎಂದು ಮುಟ್ಟುತ್ತಾ ಹೋಗಿ ಆರನ್ನು ಹೆಕ್ಕಿ ಬದಿಗಿಟ್ಟರು.

"ಇದು ನನ್ನ ಕೈಯದ್ದಲ್ಲ."

ನಾನು ಎಡ, ಬಲ, ಕನ್ನಡಿ ಎಂದೆಲ್ಲ ತಡವರಿಸಿದೆ. ಅವರು ಪೂರ್ತಿ ಕೇಳಿದರು. "ತಪ್ಪಾಗಿದ್ರೆ ತಪ್ಪು ಅಂತ ಹೇಳ್ಬೇಕಿತ್ತು. ಬೀಡಿ ಕಮ್ಮಿಯಾದ್ರೆ ಪಕ್ಕದವರು ಹತ್ತು ಕಟ್ಟಿ ಸೇರಿಸ್ತಾರೆ, ಅದು ಬೇರೆ. ಇದನ್ನು ನಾನು ಲೆಕ್ಕ ಭರ್ತಿಗೆ ಮಾಡಿದ್ದಾ? ನೀವು ಪರೀಕ್ಷೆಯಲ್ಲಿ ಮಕ್ಕಳ ಪೇಪರ್ ನೀವೇ ಬರೆದು ಕೊಡ್ತೀರಾ ಟೀಚರೇ?"

ದನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು. ನನ್ನ ಆರು ಕಾಲುಗಳನ್ನು ಎತ್ತಿಕೊಂಡು ಒಳಗೆ ಹೋದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನನಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಭಯವಾಗಿತ್ತು. ಇಷ್ಟರಲ್ಲೇ ಬೇಸತ್ತು ಗೆರಸೆಯನ್ನು ಅಟ್ಟಕ್ಕೆ ಹಾಕಿಬಿಟ್ಟರೆ... ಕೊನೆಗೆ ಕಾಗದವನ್ನು ಅವರ ಹೊಸ್ತಿಲಲ್ಲಿಟ್ಟು ಶಾಲೆಗೆ ಹೋದೆ. ಸಂಜೆ ಬರುವಾಗ ಕಾಗದ ಅಲ್ಲಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಗೋಡೆಯ ಆಚೆ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ನಾನು ಒಬ್ಬಳೇ ಅಡುಗೆಮನೆಯಲ್ಲಿ ನಿಂತು ನಕ್ಕೆ.

ನನ್ನದನ್ನು ಬಿಚ್ಚಿ ಅವರೇ ಮತ್ತೆ ಜೋಡಿಸಿದ ಆರು ಎಡಗಾಲು ಐದು ದಿನದಲ್ಲಿ ಮುಗಿದವು. ಆರಕ್ಕೆ ಒಂದೂವರೆ ವಾರ ತೆಗೆದುಕೊಂಡಿದ್ದ ಕೈಗೆ ಐದು ದಿನ! ನಾನು ಮೆಚ್ಚಿ ಏನೋ ಹೇಳಹೊರಟರೆ, "ಗಾಳಿಚಕ್ರ ನೀವು ಮಾಡಿ, ನಿಮಗೂ ಒಂದು ಕೆಲಸ ಬೇಕಲ್ಲ" ಎಂದರು. ರಾಜಿ ಆಯಿತು ಎಂದು ಅರ್ಥ.

ಮುಂದಿನ ಭಾನುವಾರ ಮೂವರೂ ಜಗಲಿಯಲ್ಲಿ ಕೂತೆವು. ಡೊಂಕು ಸರಳಿಗೆ ಕಾಲುಗಳನ್ನು ಪೋಣಿಸಿದ್ದು ಅಕ್ಕನೇ. ಗಾಳಿಚಕ್ರ ಸಿಕ್ಕಿಸಿ ಮಗಳು ಟೇಬಲ್ ಫ್ಯಾನ್ ಹಾಕಿದಳು. ನುಣುಪಾದ ಕಾವಿ ನೆಲದ ಮೇಲೆ ಅದರ ಪಾದಗಳು ಸುಮ್ಮನೆ ಜಾರಿದವು. ನಿಂತಲ್ಲೇ ಒದ್ದಾಡಿತು, ಮುಗ್ಗರಿಸಿತು. ಗಾಳಿಚಕ್ರದ ಬುಡದ ಹಲ್ಲುಚಕ್ರದಲ್ಲಿ ಏನೋ ತಪ್ಪಿದೆ ಎಂದು ನಾನು ಅದನ್ನು ಬಿಚ್ಚಲು ಹೊರಟೆ. "ಅದಕ್ಕೆಂತ ಆಗಿದೆ? ಆಸ್ಪತ್ರೆಯ ನೆಲದಲ್ಲಿ ನಾನೂ ಹೀಗೆ ಜಾರಿದ್ದು. ಚಾಪೆ ಹಾಕಿ" ಎಂದರು ಅಕ್ಕ. ಚಾಪೆ ಹಾಸಿದೆವು. ಫ್ಯಾನ್ ಬೇಡವೆಂದರು. ಕಾದೆವು. ಗೇಟಿನ ಕಡೆಯಿಂದ ಗಾಳಿ ಬಂತು. ಚಕ್ರ ಮೆಲ್ಲಗೆ ತಿರುಗಿತು. ಹನ್ನೆರಡು ಕಾಲು, ಯಾವುದು ಎದ್ದಿತು ಯಾವುದು ಊರಿತು ಎಂದು ತಿಳಿಯದ ಹಾಗೆ, ಚಾಪೆಯ ಈ ತುದಿಯಿಂದ ಆ ತುದಿಗೆ ನಡೆದುಹೋದವು. ಮಗಳು ಚಪ್ಪಾಳೆ ತಟ್ಟಿದಳು.

"ಗದ್ದೆಯ ಏಡಿಯ ಹಾಗೆ ಉಂಟು" ಎಂದು ಅಕ್ಕ ನಕ್ಕರು. ಆಮೇಲೆ ಅದನ್ನು ನೋಡಲಿಲ್ಲ. ತಮ್ಮ ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಹೆಬ್ಬೆರಳನ್ನು ತೋರುಬೆರಳಿಗೆ ತಾಗಿಸುತ್ತಾ, ತೆಗೆಯುತ್ತಾ ಬಹಳ ಹೊತ್ತು ಕೂತಿದ್ದರು. ಅಷ್ಟು ಸಂತೋಷದ ಮಧ್ಯಾಹ್ನ ನಾನು ಆ ಊರಿನಲ್ಲಿ ಬೇರೆ ಕಂಡಿಲ್ಲ.

ಮರುದಿನ ಶಾಲೆಯಿಂದ ಬಂದಾಗ ಅವರ ಬಾಗಿಲಿಗೆ ಬೀಗ. ಮಾದರಿ ನನ್ನ ಹೊಸ್ತಿಲಲ್ಲಿ, ಪೆಟ್ಟಿಗೆಯೊಳಗೆ. ರಸ್ತೆಗೆ ಇಳಿದು ಇಣುಕಿದೆ. ಕೆಳಗಿನ ಜಗಲಿಯಲ್ಲಿ ಐದು ಜನ ಇದ್ದರು. ಅಕ್ಕ ಎಲೆ ಕತ್ತರಿಸುತ್ತಿದ್ದರು, ನಿಧಾನವಾಗಿ. ಉಳಿದವರು ಯಾರೂ ಅವರ ಕೈಯನ್ನು ನೋಡುತ್ತಿರಲಿಲ್ಲ, ಯಾರದ್ದೋ ಮದುವೆಯ ಊಟವನ್ನು ಜೋರಾಗಿ ಹಳಿಯುತ್ತಿದ್ದರು. ನಾನು ಕಾಣಿಸಿಕೊಳ್ಳದೆ ಮೇಲೆ ಬಂದೆ. ಆ ವಾರದ ಕೊನೆಗೆ ಮೊದಲ ಕಟ್ಟು ಬ್ರಾಂಚಿಗೆ ಹೋಯಿತು. "ಇಪ್ಪತ್ತೈದರಲ್ಲಿ ನಾಲ್ಕನ್ನು ಬಿಸಾಡಿದ" ಎಂದು ಅಕ್ಕ ಖುಷಿಯಲ್ಲಿ ಹೇಳಿದರು. ಹಾಗಾದರೆ ಇಪ್ಪತ್ತೊಂದು ದಾಟಿತಲ್ಲ, ಅದು ಅವರ ಖುಷಿ. ನಡೆಯುವ ಮಾದರಿಯ ಕತೆಯನ್ನು ಅವರು ಆ ಕೂಟದಲ್ಲಿ ಹೇಳಲೇ ಇಲ್ಲ. ಅದು ಮೂರು ಜನರ ಗುಟ್ಟಾಗಿ ಉಳಿಯಿತು.

ಎರಡು ವರ್ಷದ ಮೇಲೆ ನನಗೆ ಶಿರ್ತಾಡಿಯ ಹತ್ತಿರದ ಶಾಲೆಗೆ ವರ್ಗವಾಯಿತು. ಹೊರಡುವ ದಿನ ಅಕ್ಕ, "ಅದನ್ನು ತೆಗೆದುಕೊಂಡು ಹೋಗಿ, ಮಕ್ಕಳಿಗೆ ತೋರಿಸಿ" ಎಂದರು. ಆಗಾಗ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಕೆಳಗಿನ ಜಗಲಿಯಲ್ಲಿಯೇ ಸಿಗುತ್ತಿದ್ದರು.

ಹೋದ ವರ್ಷ ಒಂದು ಬೆಳಗ್ಗೆ ಮಗಳ ಫೋನು ಬಂತು. ಎರಡನೆಯ ಸಲದ ಸ್ಟ್ರೋಕ್, ಈ ಸಲ ಆಸ್ಪತ್ರೆಗೆ ಹೋಗುವಷ್ಟೂ ಸಮಯ ಕೊಡಲಿಲ್ಲ. ನಾನು ತಲುಪುವಾಗ ಜನ ಸೇರಿದ್ದರು. ಎಲ್ಲ ಮುಗಿದು ಮನೆ ಖಾಲಿಯಾದ ಮೇಲೆ ನಾವು ಕೆಲವರು ಹೆಂಗಸರು ಜಗಲಿಯಲ್ಲಿ ಉಳಿದೆವು. ಮೂಲೆಯಲ್ಲಿ ಹಿಂದಿನ ದಿನದ ಗೆರಸೆ ಇತ್ತು. ಎಲೆ ಒಣಗಿ ಸುರುಳಿಯಾಗಿತ್ತು. ಸುತ್ತಿದ ಬೀಡಿಗಳನ್ನು ದೊಡ್ಡಮ್ಮ ಎಣಿಸಿದರು. ಹದಿನೇಳು. ಮಗಳು, "ಎಂಟು ಸೇರಿಸಿ ಕಟ್ಟು ಪೂರ್ತಿ ಮಾಡಿ ಕಳಿಸುವ, ದೊಡ್ಡಮ್ಮ. ಅಮ್ಮನದ್ದು ಹಾಳಾಗುವುದು ಬೇಡ" ಎಂದಳು. ಒಬ್ಬಾಕೆ ಆಗಲೇ ತನ್ನ ಚೀಲಕ್ಕೆ ಕೈ ಹಾಕಿದ್ದಳು.

ದೊಡ್ಡಮ್ಮ ಸ್ವಲ್ಪ ಹೊತ್ತು ಆ ಬೀಡಿಗಳನ್ನು ಅಂಗೈಯಲ್ಲಿ ಹೊರಳಿಸಿದರು. ಅವರಿಗೆ ನಮ್ಮ ಆರು ಕಾಲುಗಳ ಕತೆ ಗೊತ್ತಿರಲಿಲ್ಲ.

"ಬೇಡ ಮಗಾ" ಎಂದರು. "ಎಷ್ಟು ಆಗಿದೆಯೋ ಅಷ್ಟು. ಅವಳದ್ದು ಅವಳದ್ದೇ ಇರಲಿ." ಹದಿನೇಳನ್ನೇ ನೂಲಿನಲ್ಲಿ ಕಟ್ಟಿ ಮಗಳ ಕೈಗೆ ಕೊಟ್ಟರು. ಬೆಳಗ್ಗಿನಿಂದ ಗಟ್ಟಿಯಾಗಿದ್ದವಳು ನಾನು, ಆಗ ಅತ್ತೆ.

ಮಾದರಿ ಈಗಲೂ ನನ್ನ ಹತ್ತಿರ ಉಂಟು. ಪ್ರತಿ ವರ್ಷ ತರಗತಿಯಲ್ಲಿ ಚಾಪೆ ಹಾಸಿ ನಡೆಸಿ ತೋರಿಸುತ್ತೇನೆ. ಹೋದ ತಿಂಗಳು ಯಾರದ್ದೋ ಬ್ಯಾಗು ತಾಗಿ ಒಂದು ಎಡಗಾಲು ಮುರಿಯಿತು. ಪೆಟ್ಟಿಗೆಯಲ್ಲಿ ಹೆಚ್ಚುವರಿ ತುಂಡುಗಳಿವೆ, ನನಗೆ ಏಳೆಂಟು ನಿಮಿಷದ ಕೆಲಸ. ಎರಡು ಸಲ ಪೆಟ್ಟಿಗೆ ತೆರೆದು ಹಾಗೆಯೇ ಮುಚ್ಚಿದೆ. ಅಕ್ಕ ಇದ್ದಿದ್ದರೆ ಭಾನುವಾರ ನಾರಾವಿಯ ಬಸ್ಸು ಹತ್ತಿ ಕೊಂಡುಹೋಗಿ ಕೊಡುತ್ತಿದ್ದೆ, ಅವರು ನನ್ನನ್ನು ಚೆನ್ನಾಗಿ ಬೈದು ಜೋಡಿಸಿ ಕೊಡುತ್ತಿದ್ದರು. ಈಗ ಕೊಡಲು ಯಾರೂ ಇಲ್ಲ. ಹನ್ನೊಂದು ಕಾಲಿನಲ್ಲಿ ಸ್ವಲ್ಪ ವಾಲುತ್ತದೆ, ಆದರೂ ಗಾಳಿ ಬಂದರೆ ನಡೆಯುತ್ತದೆ.